ಪದಚರ್ಚೆ: ಪೈಜಾಮದ ‘ಕ್ರಾಚ್’, ‘ಕೇಸಿಂಗ್’ – ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.
ಮನೆಯಲ್ಲಿರುವ ಹಳೇ ಬೆಡ್‌ಶೀಟಿನಿಂದ ಪೈಜಾಮ ಹೊಲಿಯುವ ಕ್ರಮವನ್ನು ಒಂದು ಹಾಳೆಯಷ್ಟು ಕನ್ನಡಕ್ಕೆ ತರುತ್ತಿದ್ದೇನೆ. ಹೊಲಿಗೆ ತರಗತಿಯ ಗೋಡೆಗೆ ಹಾಕಲು. ನಾಳೆ ಬೆಳಿಗ್ಗೆ ಅಚ್ಚಿಗೆ ಕೊಡಬೇಕು. ಮೂರು ಕಡೆ ಪದ ಬೇಕು: ಎರಡು ಕಾಲು ಕೂಡುವ ಬಾಗು (ಕ್ರಾಚ್), ಲಾಡಿ ಅಥವಾ ಎಲಾಸ್ಟಿಕ್ ತೂರಿಸಲು ಸೊಂಟದಲ್ಲಿ ಮಡಿಚಿ ಹೊಲಿಯುವ ಭಾಗ (ಕೇಸಿಂಗ್), ಮತ್ತು ಹೊಲಿಗೆಯ ಗೆರೆಯಾಚೆ ಬಿಡುವ ಹೆಚ್ಚುವರಿ ಬಟ್ಟೆ (ಸೀಮ್ ಅಲವೆನ್ಸ್). ಕೊನೆಯದಕ್ಕೆ ಕರಡಿನಲ್ಲಿ ‘ಹೊಲಿಗೆ ಭತ್ಯೆ’ ಎಂದಿದೆ. ಭತ್ಯೆ ಸಂಬಳದ ಮಾತು, ಇಲ್ಲಿ ಒಗ್ಗುತ್ತಿಲ್ಲ.
– ಸ. ರಾ.

ಮೊದಲು ‘ಪೈಜಾಮ’ ತೆಗೆಯಿರಿ. ಪಾರಸಿಯ ಪಾಯ್ (ಕಾಲು) ಮತ್ತು ಜಾಮಾ (ಉಡುಪು) ಸೇರಿ ಆದದ್ದು. ನಮಗೆ ಚಲ್ಲಣ ಇದೆ. ಕ್ರಾಚ್‌ಗೆ ಕಾಲ್ಗವಲು, ಸಂಧಿಯೂ ಸರಾಗ. ಕೇಸಿಂಗಿಗೆ ಲಾಡಿಗೊಳವೆ. ಅಲವೆನ್ಸಿಗೆ ಹೊಲಿಗೆಯೆಡೆ. ಇಷ್ಟರಲ್ಲಿ ಮುಗಿಯಿತು.
– ಕೆ. ಜಿ.

ಚಲ್ಲಣ ಆಗದು. ಅದು ತೊಡೆಗೆ ಬಿಗಿಯಾಗಿ ಮೊಣಕಾಲಿನ ಆಸುಪಾಸಿನಲ್ಲಿ ಮುಗಿಯುವ ಉಡುಪು. ಪೈಜಾಮ ಪಾದದವರೆಗೆ ಸಡಿಲ.

ಕವಲು ಒಳ್ಳೆಯ ಪದ. ‘ತೊಡೆಸಂದು’ ಮೈಯ ಭಾಗಕ್ಕೆ ಇರಲಿ, ಬಟ್ಟೆಗೆ ಕವಲೇ ಸರಿ. ಆದರೆ ಮುಂದಿನ ಕವಲು, ಹಿಂದಿನ ಕವಲು ಎಂದು ಬಿಡಿಸಿ ಬರೆಯಲೇಬೇಕು. ಹಿಂದಿನದು ಸೊಂಟದ ಕಡೆ ಒಂದೂವರೆ ಇಂಚಿನಷ್ಟು ಎತ್ತರ ಇರಬೇಕು, ಬಾಗಿನ ತುದಿಯೂ ಮುಂದಿನದಕ್ಕಿಂತ ಒಂದೆರಡು ಇಂಚು ಹೆಚ್ಚು ಚಾಚಬೇಕು. ಎರಡನ್ನೂ ಒಂದೇ ಅಳತೆಗೆ ಕತ್ತರಿಸಿದರೆ ನಿಂತಾಗ ಏನೂ ಗೊತ್ತಾಗುವುದಿಲ್ಲ. ಕುಕ್ಕರುಗಾಲಲ್ಲಿ ಕೂತ ಕೂಡಲೇ ಹಿಂದೆ ಸೊಂಟ ಕೆಳಕ್ಕೆ ಜಗ್ಗುತ್ತದೆ, ಕವಲಿನ ಹೊಲಿಗೆ ಬಿಡುತ್ತದೆ.

ಹೊಲಿಯುವ ಕ್ರಮವೂ ಸ್ಪಷ್ಟವಿರಲಿ. ಮೊದಲು ಒಂದೊಂದು ಕಾಲಿನ ಒಳಹೊಲಿಗೆ, ಅಂದರೆ ಕಾಲಿನ ಒಳಬದಿಯ ಉದ್ದ ಹೊಲಿಗೆ. ಆಮೇಲೆ ಒಂದು ಕಾಲನ್ನು ಸೀದಾ ಮಾಡಿ, ಉಲ್ಟಾ ಇರುವ ಇನ್ನೊಂದರೊಳಗೆ ತೂರಿಸಿ. ಸೀದಾಗೆ ಸೀದಾ ತಾಗುತ್ತದೆ. ಒಳಹೊಲಿಗೆಗಳೆರಡನ್ನೂ ಎದುರುಬದುರು ಕೂಡಿಸಿ ಪಿನ್ನು ಹಾಕಿ, ಮುಂದಿನ ಸೊಂಟದಿಂದ ಹಿಂದಿನ ಸೊಂಟದವರೆಗೆ ಒಂದೇ ಓಟದಲ್ಲಿ ಹೊಲಿಯಿರಿ. ಎಳೆತವೆಲ್ಲ ಬೀಳುವುದು ಈ ಬಾಗಿನ ಮೇಲೆ, ಆದ್ದರಿಂದ ಅಲ್ಲಿ ಇನ್ನೊಂದು ಹೊಲಿಗೆ ಹಾಕಲೇಬೇಕು.

‘ಹೊಲಿಗೆಯೆಡೆ’ ಯಾರಿಗೂ ತಿಳಿಯದು. ದರ್ಜಿ ಹತ್ತಿರ ಜನ ‘ಒಳಗೆ ಬಟ್ಟೆ ಬಿಡಿ’ ಅನ್ನುತ್ತಾರೆ. ‘ಹೊಲಿಗೆಗೆ ಸುತ್ತ ಅರ್ಧ ಇಂಚು ಬಿಡಿ, ಸೊಂಟಕ್ಕೂ ಕೆಳಗಿನ ಮಡಿಕೆಗೂ ಒಂದೂವರೆ ಇಂಚು ಬಿಡಿ’ ಎಂದು ಬರೆಯಿರಿ. ನಾಮಪದವೇ ಬೇಕಿಲ್ಲ, ಕ್ರಿಯಾಪದದಲ್ಲಿ ಕೆಲಸ ಆಗುತ್ತದೆ. ಕೇಸಿಂಗಿಗೆ ‘ಲಾಡಿಮಡಿಕೆ’ ಸಾಕು. ಅದು ಮಡಿಚಿದ್ದು, ಕೊಳವೆಯಲ್ಲ.
– ವಿ.

ದರ್ಜಿ ಪಾರಸಿ. ‘ಸಿಂಪಿಗ’ ಎಲ್ಲಿ ಹೋದ? ಹೀಗೇ ಒಂದೊಂದಾಗಿ ಬಿಟ್ಟುಕೊಟ್ಟರೆ ಬಟ್ಟೆಯ ಲೋಕದಲ್ಲಿ ಕನ್ನಡಕ್ಕೆ ಉಳಿಯುವುದೇನು?
– ಕೆ. ಜಿ.

ಉಳಿದಿದೆ, ಬೇಕಾದಷ್ಟು. ಹಾಸು (ನೇಯ್ಗೆಯ ಉದ್ದದ ಎಳೆ), ಹೊಕ್ಕು (ಅಡ್ಡ ಎಳೆ), ಎಳೆ, ಅಂಚು, ಗುಂಡಿ. ಇವನ್ನು ಬಳಸದೆ ಬಟ್ಟೆಯ ಎಳೆ ಸಾಗುವ ದಿಕ್ಕಿಗೆ ‘ಗ್ರೇನ್‌ಲೈನ್’ ಎಂದು ಬರೆಯುತ್ತಾರಲ್ಲ, ಜಗಳ ಅಲ್ಲಿ ಮಾಡಿ. ‘ಕಾಲಿನ ಉದ್ದ ಹಾಸಿನ ಎಳೆಯ ಗುಂಟ ಬರಲಿ’ ಎಂದರೆ ನೇಕಾರನಿಗೂ ಹೊಲಿಯುವವರಿಗೂ ತಿಳಿಯುತ್ತದೆ. ಓರೆಯಾಗಿ ಕತ್ತರಿಸಿದರೆ ಒಗೆದ ಮೇಲೆ ಕಾಲು ತಿರುಚಿಕೊಂಡು ಒಳಹೊಲಿಗೆ ಮೊಣಕಾಲಿನ ಮುಂದಕ್ಕೆ ಬರುತ್ತದೆ. ಮತ್ತೆ ‘ಕಾಜ’ ಪೋರ್ಚುಗೀಸರ ಕಾಸಾ, ಮನೆ ಎಂದರ್ಥ. ಗುಂಡಿಯ ಮನೆ. ಅದನ್ನು ಓಡಿಸಿ ‘ಗುಂಡಿತೂತು’ ತರುವುದು ಭಾಷಾಸೇವೆಯಲ್ಲ.

ಸ. ರಾ. ಅವರೇ, ಹಾಳೆಯಲ್ಲಿ ಎರಡು ಸಾಲು ಸೇರಿಸಿ. ಹಳೇ ಬೆಡ್‌ಶೀಟು ನಡುವೆ ಮೈ ಉಜ್ಜಿ ತೆಳ್ಳಗಾಗಿರುತ್ತದೆ, ಬೆಳಕಿಗೆ ಹಿಡಿದರೆ ಜರಡಿ ಜರಡಿಯಾಗಿ ಕಾಣುತ್ತದೆ. ಕವಲು ಆ ಜಾಗಕ್ಕೆ ಬೀಳದ ಹಾಗೆ ಅಂಚಿನ ಕಡೆಯಿಂದ ಕತ್ತರಿಸಬೇಕು. ಎರಡನೆಯದು, ಸೀದಾ ಬದಿ ಒಳಮುಖವಾಗಿ ಬಟ್ಟೆ ಮಡಿಚಿ ಎರಡು ಕಾಲನ್ನೂ ಒಟ್ಟಿಗೆ ಕತ್ತರಿಸಬೇಕು. ಬಿಡಿಬಿಡಿಯಾಗಿ, ಅಳತೆಯ ಕಾಗದ ಮಗುಚದೆ ಕತ್ತರಿಸಿದರೆ ಎರಡೂ ಬಲಗಾಲೇ ಆಗುತ್ತವೆ. ಒಂದು ಬದಿಗೆ ಮಾತ್ರ ಪ್ರಿಂಟ್ ಇರುವ ಬಟ್ಟೆಯಲ್ಲಿ ಇದಕ್ಕೆ ಪರಿಹಾರವಿಲ್ಲ.
– ಮಂ.

ಸರಿ, ಕಾಜ ಇರಲಿ. ಎಲಾಸ್ಟಿಕ್‌ಗಾದರೂ ‘ಹಿಗ್ಗುಪಟ್ಟಿ’ ಒಪ್ಪಿ.
– ಕೆ. ಜಿ.

ಬೇಡ. ಅಂಗಡಿಗೆ ಹೋಗಿ ಹಿಗ್ಗುಪಟ್ಟಿ ಕೇಳಿದರೆ ಕೊಡುವವರಿಲ್ಲ. ಗೋಡೆಯ ಹಾಳೆ ಓದುವವರು ಮೊದಲು ಹೋಗುವುದು ಅಂಗಡಿಗೇ.

ಹೀಗೆ ಬರೆಯಿರಿ: ‘ಸೊಂಟದ ಅಂಚನ್ನು ಮೊದಲು ಕಾಲು ಇಂಚು, ಆಮೇಲೆ ಒಂದೂಕಾಲು ಇಂಚು ಮಡಿಚಿ ಹೊಲಿಯಿರಿ, ಹಿಂದೆ ಎರಡು ಇಂಚು ಬಾಯಿ ಬಿಡಿ. ಒಂದಿಂಚು ಅಗಲದ ಎಲಾಸ್ಟಿಕ್ ಅನ್ನು ಸೊಂಟದ ಸುತ್ತಳತೆಗಿಂತ ಎರಡು ಇಂಚು ಕಡಿಮೆ ಕತ್ತರಿಸಿ, ಸೇಫ್ಟಿ ಪಿನ್ನಿಗೆ ಸಿಕ್ಕಿಸಿ ಲಾಡಿಮಡಿಕೆಯೊಳಗೆ ತೂರಿಸಿ. ಇನ್ನೊಂದು ತುದಿಯನ್ನೂ ಬಟ್ಟೆಗೆ ಪಿನ್ನು ಮಾಡಿಕೊಳ್ಳಿ, ಇಲ್ಲದಿದ್ದರೆ ಒಳಗೆ ಎಳೆದುಹೋಗುತ್ತದೆ. ಎಲ್ಲೂ ತಿರುಚಿಲ್ಲವೆಂದು ಬೆರಳಾಡಿಸಿ ನೋಡಿದ ಮೇಲೆಯೇ ತುದಿಗಳನ್ನು ಕೂಡಿಸಿ ಬಾಯಿ ಮುಚ್ಚಿ.’ ಲಾಡಿ ಹಾಕುವುದಾದರೆ ಮಡಿಚುವ ಮುಂಚೆಯೇ ಮುಂಭಾಗದಲ್ಲಿ ಎರಡು ಕಾಜ ಹೊಲಿದುಕೊಳ್ಳಬೇಕು. ಮಡಿಚಿದ ಮೇಲೆ ಹೊಲಿದರೆ ಎರಡೂ ಪದರ ಸೇರಿಹೋಗಿ ಲಾಡಿಗೆ ದಾರಿ ಇರುವುದಿಲ್ಲ.
– ವಿ.