ಹೂಳು, ಮೆಕ್ಕಲು, ರೇವೆ: ಹೊಳೆ ಬಿಟ್ಟುಹೋದ ಮಣ್ಣಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ. ನದಿ ಉಕ್ಕಿದಾಗ ಪಕ್ಕದ ಬಯಲಿನಲ್ಲಿ ಮಣ್ಣು ಹೇಗೆ ನಿಲ್ಲುತ್ತದೆ ಅಂತ ಶಾಲಾ ಮಕ್ಕಳಿಗೆ ಒಂದು ಬರಹ ಬರೆಯುತ್ತಿದ್ದೇನೆ. ಪದಗಳೇ ಕೈಕೊಡುತ್ತಿವೆ.

ಕರಡಿನಲ್ಲಿ ‘ಹೂಳು’ ಅಂತ ಬರೆದಿದ್ದೆ. ಜೇವರ್ಗಿ ತಾಲೂಕಿನ ಭೀಮಾ ದಂಡೆಯಲ್ಲಿ ಹೊಲ ಇರುವ ನಮ್ಮ ಕಾಕಾ ಓದಿ, “ಹೂಳು ಅಂದ್ರ ಕೆರಿಯೊಳಗಿಂದು, ತೆಗೆದು ಒಗಿಯೋದು. ಇದು ರೇವಿ” ಅಂದರು. ಸರಿಯೇ ಅಲ್ವಾ? ಹೂಳು ಅಂದರೆ ಮುಚ್ಚು ಅಂತಲೂ ಅರ್ಥ. ಆ ಪದದಲ್ಲೇ ಒಂದು ದೂರು ಇದೆ. ಪಠ್ಯಪುಸ್ತಕದ ‘ಮೆಕ್ಕಲು’ ಹಾಗಲ್ಲ, ಬೆಳೆಗೆ ಒಳ್ಳೆಯದು ಅನ್ನೋ ಧ್ವನಿ ಅದಕ್ಕಿದೆ.

ಆದರೆ 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗ ಕಾಕಾನ ಹೊಲದಲ್ಲಿ ಬಿದ್ದದ್ದು ಒಂದೇ ಬಗೆಯ ಮಣ್ಣಲ್ಲ. ದಂಡೆಗೆ ತಾಗಿದ ಪಟ್ಟಿಯಲ್ಲಿ ಉಸುಕು. ದಂಡೆ ದಾಟಿದ ಕೂಡಲೇ ನೀರು ಹರಡಿಕೊಂಡು ನಿಧಾನವಾಗುತ್ತದೆ, ಭಾರ ಇದ್ದದ್ದು ಮೊದಲು ಬೀಳುತ್ತದೆ. ಒಳಗೆ ಹೋದಂತೆ ಹಿಟ್ಟಿನಂಥ ಕರಿ ಜೇಡಿ. ಒಣಗಿದ ಮೇಲೆ ಹಪ್ಪಳದ ಹಾಗೆ ಅಂಚು ಮೇಲೆದ್ದಿತ್ತು. ತೊಗರಿ ಸಾಲಿನ ಬುಡದಲ್ಲಂತೂ ಗುಪ್ಪೆ ಗುಪ್ಪೆ, ಗಿಡಗಳೇ ನೀರು ತಡೆದು ಮಣ್ಣು ಹಿಡಿದಿದ್ದವು. (ತೊಗರಿ ಕೊಳೆತದ್ದು ಬೇರೆ ಕಥೆ. ಆಗ ‘ಮೆಕ್ಕಲು ಫಲವತ್ತು’ ಅಂದಿದ್ದರೆ ಬೈಸಿಕೊಳ್ಳುತ್ತಿದ್ದೆ.) ಹಾಗಾದರೆ ‘ರೇವೆ’ಯಲ್ಲಿ ಉಸುಕೂ ಸೇರುತ್ತದಾ, ಜೇಡಿ ಮಾತ್ರಾನಾ? ಕಾಕಾ ಉಸುಕಿಗೆ ಉಸುಕು ಅಂತಲೇ ಅನ್ನುತ್ತಾರೆ. ಯಾದಗಿರಿ ಕಡೆ, ಬೀದರಿನ ಮಾಂಜ್ರಾ ದಂಡೆಯಲ್ಲಿ ಹೇಗೆ?

ಇನ್ನು ನೆರೆ ನೀರು ಹರಡುವ ಆ ಜಾಗದ ಹೆಸರು. ‘ಪ್ರವಾಹ ಮೈದಾನ’ ಅಂದರೆ ಸುಮ್ನೆ ಕ್ರಿಕೆಟ್ ನೆನಪಾಗುತ್ತದೆ. ‘ಹೊಳೆಸಾಲು’ ಚೆಂದ, ಆದರೆ ನೆರೆ ಮುಟ್ಟದ ದಿಬ್ಬದ ಊರೂ ಅದರಲ್ಲಿ ಬಂದುಬಿಡುತ್ತದೆ. ಸದ್ಯಕ್ಕೆ ‘ನೆರೆಬಯಲು’ ಅಂತ ಇಟ್ಟಿದ್ದೇನೆ. ಪಕ್ಕದ ಬಯಲು ಅಂತ ಓದಿಕೊಂಡರೂ ಸುಳ್ಳಲ್ಲ.

ಜಾಸ್ತಿ ತಲೆ ತಿಂದದ್ದು ಕ್ರಿಯಾಪದ. ಬಯಲು ಮಣ್ಣನ್ನು ‘ಸಂಗ್ರಹಿಸುತ್ತದೆ’ ಅಂದರೆ ಗೋದಾಮಿನ ಮಾತು. ಬಯಲಿನಲ್ಲಿ ಆ ಮಣ್ಣು ನೂರಾರು, ಕೆಲವೆಡೆ ಸಾವಿರಾರು ವರ್ಷ ಉಳಿಯುತ್ತದೆ. ಹೊಳೆ ದಂಡೆ ಕೊರೆದಾಗ ಮತ್ತೆ ಹೊರಡುತ್ತದೆ. ಕಾಕಾ ಇಷ್ಟನ್ನು “ಹೊಳಿ ಮಣ್ಣು ಕುಂದ್ರಿಸಿ ಹೋಗ್ಯಾದ” ಅಂತ ಮುಗಿಸಿದರು. ‘ಮಣ್ಣು ಕೂರಿಸು’ ಅಂತಲೇ ಬರೆದರೆ ಮೈಸೂರು ಕಡೆಯ ಮಕ್ಕಳಿಗೆ ತಿಳಿಯುತ್ತದಾ?