ಮಂಡಿ ಸವೆದಿದೆ ಅಂದರು. ಜೆಲ್ ಇಂಜೆಕ್ಷನ್ನೋ, ಪಿಆರ್‌ಪಿಯೋ?

ಹೊನ್ನಾವರದ ಹವ್ಯಾಸಿ
ಎಲ್ಲರಿಗೂ ನಮಸ್ಕಾರ. ವಯಸ್ಸು 53, ಹೈಸ್ಕೂಲ್ ಮಾಸ್ತರಿಕೆ. ಯಕ್ಷಗಾನದ ಬಡಗುತಿಟ್ಟಿನಲ್ಲಿ ಚಿಕ್ಕಂದಿನಿಂದ ವೇಷ ಮಾಡುತ್ತ ಬಂದವನು. ಅಭಿಮನ್ಯು, ಬಭ್ರುವಾಹನ ಅಂದರೆ ಮಂಡಿ ಹಾಕಲೇಬೇಕು, ಅಂದರೆ ಮಂಡಿಯೂರಿ ಗಿರಗಿರ ತಿರುಗಬೇಕು. ಈಗೀಗ ಆಟ ನಡೆಯುವುದು ಹೆಚ್ಚಾಗಿ ಸಭಾಭವನದಲ್ಲಿ. ಟೈಲ್ಸ್ ಮೇಲೆ ಮಂಡಿಯೂರಿ ತಿರುಗಿದರೆ ಏಟು ನೇರ ಮೂಳೆಗೇ.

ಬಲಮಂಡಿಯ ಒಳಬದಿ ನೋವು. ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಬೆಳಿಗ್ಗೆ ಎದ್ದಾಗ ಕಾಲು ಬಿಗಿದಿರುತ್ತದೆ, ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಸಡಿಲ. ಎಕ್ಸ್‌ರೇಯಲ್ಲಿ ಸವೆತ ಗ್ರೇಡ್ 3, ತೀರಾ ಹೆಚ್ಚು ಅಂದರೆ 4. ಒಬ್ಬ ಡಾಕ್ಟರು ಜೆಲ್ ಇಂಜೆಕ್ಷನ್ ಅಂದರು, ಇನ್ನೊಬ್ಬರು ನಮ್ಮದೇ ರಕ್ತ ತೆಗೆದು, ಅದರ ಪ್ಲೇಟ್‌ಲೆಟ್ ಭಾಗವನ್ನು ಮಂಡಿಗೆ ಕೊಡುವ ಪಿಆರ್‌ಪಿ ಅಂದರು. ಎರಡೂ ದುಬಾರಿ. ಸವೆದ ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆಯ ತುದಿಗಿರುವ ಮೆತ್ತನೆ ಹೊದಿಕೆ) ಇದರಿಂದ ಮತ್ತೆ ಬೆಳೆಯುತ್ತದಾ? ನನಗೆ ಶುಗರ್ ಇದೆ, ಮಾತ್ರೆ ನಡೆದಿದೆ. ಗೆಜ್ಜೆ ಬಿಚ್ಚಿಡಲು ಮಾತ್ರ ಮನಸ್ಸಿಲ್ಲ.

ಶಿರಸಿ ತೋಟದ ಮನೆ
ಮಾಸ್ತರೆ, ನಮ್ಮ ಅತ್ತೆಗೆ ಕೊಟ್ಟಿದ್ದು ಸ್ಟಿರಾಯ್ಡ್ ಇಂಜೆಕ್ಷನ್. ಕೊಯ್ಲಿನ ಸಮಯ, ಹಸಿ ಅಡಿಕೆ ಅಂಗಳದಲ್ಲಿ ರಾಶಿ. ಮೆಟ್ಟುಗತ್ತಿ ಮುಂದೆ ಕೂರಲಾಗದೆ ಒದ್ದಾಡುತ್ತಿದ್ದವರು ಒಂದು ವಾರದಲ್ಲಿ ಎಲ್ಲರ ಸಾಲಿನಲ್ಲಿ ಕೂತು ಸುಲಿದರು. ಆದರೆ ಚುಚ್ಚಿದ ಮಾರನೇ ದಿನದಿಂದ ಶುಗರ್ ಒಮ್ಮೆಲೇ ಏರಿತ್ತು, ಇಳಿಯಲು ಕೆಲವು ದಿನ ಹಿಡಿಯಿತು. ಕೊಯ್ಲು ಮುಗಿಯುವಷ್ಟರಲ್ಲಿ ನೋವೂ ವಾಪಸ್. ನಿಮಗೆ ಯಾರಾದರೂ ಸ್ಟಿರಾಯ್ಡ್ ಅಂದರೆ ಶುಗರ್ ವಿಷಯ ಮೊದಲೇ ಹೇಳಿಬಿಡಿ.

ಕುಮಟಾ ಫಿಸಿಯೋ
ಮಾಸ್ತರೆ, ನೇರವಾಗಿ ಹೇಳುತ್ತೇನೆ: ಬೆಳೆಯುವುದಿಲ್ಲ. ಕಾರ್ಟಿಲೇಜಿಗೆ ರಕ್ತನಾಳವೇ ಇಲ್ಲ, ಹಾಗಾಗಿ ಚರ್ಮದ ಗಾಯದಂತೆ ಅದು ಮಾಯುವುದಿಲ್ಲ. ಜೆಲ್ ಅಂದರೆ ಹಯಲುರಾನಿಕ್ ಆಸಿಡ್. ಕೀಲಿನ ದ್ರವದಲ್ಲಿ ಮೊದಲೇ ಇರುವ ವಸ್ತು. ಕೆಲವರಿಗೆ ಕೆಲವು ತಿಂಗಳು ಹಾಯೆನಿಸುತ್ತದೆ. ಆದರೂ ಅಮೆರಿಕದ ಮೂಳೆ ಶಸ್ತ್ರವೈದ್ಯರ ಅಕಾಡೆಮಿ 2021ರ ಮಾರ್ಗಸೂಚಿಯಲ್ಲಿ ಇದನ್ನು ವಾಡಿಕೆಯಾಗಿ ಕೊಡುವುದು ಬೇಡ ಎಂದಿದೆ. ಪಿಆರ್‌ಪಿ ಬಗ್ಗೆ ಅದೇ ವರ್ಷ ಆಸ್ಟ್ರೇಲಿಯಾದ ಅಧ್ಯಯನವೊಂದು ಬಂತು. 288 ಜನ, ಎಲ್ಲರದ್ದೂ ನಿಮ್ಮಂತೆ ಗ್ರೇಡ್ 2 ಅಥವಾ 3. ಅರ್ಧ ಜನಕ್ಕೆ ಪಿಆರ್‌ಪಿ, ಉಳಿದವರಿಗೆ ಬರೀ ಉಪ್ಪುನೀರಿನ ಸಲೈನ್. ವರ್ಷದ ಕೊನೆಗೆ ನೋವಿನಲ್ಲೂ ಕಾರ್ಟಿಲೇಜಿನ ಪ್ರಮಾಣದಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಸಾಲ ಮಾಡಿ ತೆಗೆದುಕೊಳ್ಳುವಂಥದ್ದಲ್ಲ.

ಸ್ಟಿರಾಯ್ಡ್ ನೋವನ್ನು ಬೇಗ ತಗ್ಗಿಸುತ್ತದೆ, ನಿಜ. ಆದರೆ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರು ತಿಂಗಳಿಗೊಮ್ಮೆ ಎರಡು ವರ್ಷ ಚುಚ್ಚಿಸಿಕೊಂಡವರ ಕಾರ್ಟಿಲೇಜ್ ಸಲೈನ್‌ನವರಿಗಿಂತ ಹೆಚ್ಚು ಸವೆದಿತ್ತು. ಯಾವ ಇಂಜೆಕ್ಷನ್ ಆದರೂ ಆಮೇಲೆ ಮಂಡಿ ಕೆಂಪಾಗಿ ಊದಿ ಜ್ವರ ಬಂದರೆ ಬೆಳಗಾಗುವವರೆಗೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ನಿಮ್ಮ ಮಂಡಿಯನ್ನು ಕಾಯುವುದು ತೊಡೆಯ ಸ್ನಾಯು. ಕಾಲು ನೀಡಿ ಕೂತು, ಮಂಡಿಯ ಅಡಿ ಸುತ್ತಿದ ಟವೆಲ್ ಇಟ್ಟು, ಮಂಡಿಯಿಂದಲೇ ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸಿ ಬಿಡಿ. ಸುಲಭವಾದ ಮೇಲೆ ಕೈಯೂರದೆ ಕುರ್ಚಿಯಿಂದ ಏಳುವುದು. ಎರಡು ಮೂರು ತಿಂಗಳು ಬಿಡದೆ ಮಾಡಿದರೆ ಮಾತ್ರ ಗುಣ ತಿಳಿಯುತ್ತದೆ. ತೂಕ ಹೆಚ್ಚಿದ್ದರೆ ಅದನ್ನೂ ನೋಡಿ; ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೋ ಇಳಿಯುತ್ತದೆ. ಮಂಡಿ ಹಾಕುವುದನ್ನು ನಿಲ್ಲಿಸಲೇಬೇಕು. ಅಭಿಮನ್ಯುವನ್ನು ಹುಡುಗರಿಗೆ ಬಿಟ್ಟು ನೀವು ಭೀಷ್ಮ ಮಾಡಿ. ಮಾತಿದ್ದವರಿಗೆ, ಕುಣಿತವಿಲ್ಲದೆ ಕೂತೇ ಅರ್ಥ ಹೇಳುವ ತಾಳಮದ್ದಲೆಯೂ ಇದೆಯಲ್ಲ.

ಕಾರವಾರ ನಿವೃತ್ತ
ಪಿಆರ್‌ಪಿ ನಾನು ಮಾಡಿಸಿದ್ದೆ, ಗ್ರೇಡ್ 2 ಇದ್ದಾಗ. ನನಗಂತೂ ಹಾಯಾಗಿದೆ. ಆದರೆ ಅದೇ ಹೊತ್ತಿಗೆ ವ್ಯಾಯಾಮವನ್ನೂ ಶುರುಮಾಡಿದ್ದೆ, ಯಾವುದರಿಂದ ಗುಣವಾಯಿತೆಂದು ಹೇಳಲಾರೆ.

ಹೊನ್ನಾವರದ ಹವ್ಯಾಸಿ
ಎಲ್ಲರಿಗೂ ಉಪಕಾರ. ಇಂಜೆಕ್ಷನ್ ಸದ್ಯ ಮುಂದೂಡುತ್ತೇನೆ, ಈ ಮಳೆಗಾಲ ಪೂರ್ತಿ ವ್ಯಾಯಾಮ. ಫಿಸಿಯೋ ಅವರೆ, ಮಂಡಿ ಬಿಟ್ಟು, ನಿಂತು ಮಾಡುವ ಪ್ರವೇಶದ ಕುಣಿತಕ್ಕೆ ತೊಂದರೆ ಇದೆಯಾ?

ಕುಮಟಾ ಫಿಸಿಯೋ
ಅಡ್ಡಿಲ್ಲ. ಮಾರನೇ ದಿನ ಮಂಡಿ ಊದಿಕೊಂಡರೆ ಹಿಂದಿನ ರಾತ್ರಿ ಹೆಚ್ಚಾಯಿತು ಅಂತ ಲೆಕ್ಕ, ಮುಂದಿನ ಆಟಕ್ಕೆ ಅಷ್ಟು ಕಡಿಮೆ ಮಾಡಿ.