ಶಿಕ್ಷಕಿಯ ಜೊತೆ ಹೇಗೆ ಮಾತನಾಡಲಿ? ಅನುಭವವಿರುವವರು ತಿಳಿಸಿ

ಪ್ರಶ್ನೆ
ನನ್ನ ಮಗನಿಗೆ ಏಳು ವರ್ಷ, ಆಟಿಸಂ ಇದೆ. ಸಾಮಾನ್ಯ ತರಗತಿಯಲ್ಲಿಯೇ ಓದುತ್ತಿದ್ದಾನೆ. ಎದ್ದು ಓಡುತ್ತಾನೆ, ಕಿರುಚುತ್ತಾನೆ ಎಂದು ವಾರಕ್ಕೆ ಎರಡು ಮೂರು ದೂರು ಬರುತ್ತವೆ. ಮುಂದಿನ ವಾರ ಶಿಕ್ಷಕಿಯನ್ನು ಭೇಟಿಯಾಗಬೇಕು. ಸಂಬಂಧ ಕೆಡಬಾರದು, ಮಗನಿಗೆ ಬೇಕಾದದ್ದೂ ಕೈತಪ್ಪಬಾರದು. ಏನು ಮಾಡಲಿ?

ಹದಿಮೂರು ವರ್ಷದ ಹುಡುಗಿಯ ತಾಯಿ
‘ಕಿರುಚುತ್ತಾಳೆ’ ಎಂಬ ಮಾತು ಕೇಳಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗುತ್ತಿತ್ತು. ಮೊದಲ ಎರಡು ವರ್ಷ ಶಿಕ್ಷಕರ ಮುಂದೆ ಮಗಳ ವಕೀಲಳಂತೆ ಕುಳಿತೆ. ಅವರು ಒಂದು ಹೇಳಿದರೆ ನಾನು ಎರಡು ಹೇಳುತ್ತಿದ್ದೆ. ಅದರಿಂದ ಅವಳಿಗೆ ಎಳ್ಳಷ್ಟೂ ಪ್ರಯೋಜನವಾಗಲಿಲ್ಲ. ಮೂರನೇ ವರ್ಷ ಬಂದ ಹೊಸ ಶಿಕ್ಷಕಿಗೆ ಒಂದು ಸಣ್ಣ ನೋಟ್‌ಪುಸ್ತಕ ಕೊಟ್ಟು ಕೇಳಿಕೊಂಡೆ: ಅವಳು ಕಿರುಚಿದಾಗ ಮೂರೇ ವಿಷಯ ಬರೆಯಿರಿ. ಅದಕ್ಕೆ ತುಸು ಮುಂಚೆ ಏನಾಯಿತು, ಅವಳು ಏನು ಮಾಡಿದಳು, ಆಮೇಲೆ ಸುತ್ತಲಿನವರು ಏನು ಮಾಡಿದರು. ಮನೆಯಲ್ಲಿ ನಾನೂ ಹಾಗೆಯೇ ಬರೆದೆ.

ಎರಡು ವಾರವಾದ ಮೇಲೆ ಶಿಕ್ಷಕಿಯೇ ಪುಟ ತಿರುವುತ್ತ ಬೆರಳಿಟ್ಟು ತೋರಿಸಿದರು. ಒಂಬತ್ತು ಸಲದಲ್ಲಿ ಏಳು ಸಲ ಅವಳು ಕಿರುಚಿದ್ದು ಪಿರಿಯಡ್ ಮುಗಿಯುವ ಗಂಟೆಯ ಹೊತ್ತಿಗೆ! ಅವಳ ಬೆಂಚು ಬಾಗಿಲ ಪಕ್ಕದಲ್ಲಿತ್ತು, ಗಂಟೆ ಅದರ ಹೊರಗೋಡೆಯಲ್ಲಿ. ಬೆಂಚನ್ನು ಒಳಗೆ ಸರಿಸಿದರು. ಗಂಟೆಗೆ ಎರಡು ನಿಮಿಷ ಮೊದಲು ಒಂದು ಚಿತ್ರದ ಕಾರ್ಡ್ ತೋರಿಸತೊಡಗಿದರು. ಅದನ್ನು ಕಂಡ ಕೂಡಲೇ ಮಗಳು ಕಿವಿ ಮುಚ್ಚಿಕೊಂಡು ಕಾಯುತ್ತಿದ್ದಳು. ಕಿರುಚಾಟ ಪೂರ್ತಿ ನಿಲ್ಲಲಿಲ್ಲ, ಆದರೆ ಅವಳದು ಹಟವಲ್ಲ ಎಂದು ಇಡೀ ತರಗತಿಗೆ ತಿಳಿಯಿತು. ಎಷ್ಟು ವಾದಿಸಿದ್ದರೂ ನಾನು ಇದನ್ನು ಕಂಡುಹಿಡಿಯುತ್ತಿರಲಿಲ್ಲ. ದಿನವಿಡೀ ಆ ಕೋಣೆಯಲ್ಲಿ ಇದ್ದವರು ಅವರು.

ಡಿಸ್ಲೆಕ್ಸಿಯಾ (ಓದು-ಬರಹದ ಕಲಿಕೆಯ ತೊಡಕು) ಇರುವ ಹುಡುಗನ ತಂದೆ
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಎಲ್ಲರಿಗೂ ಅಂಥ ಶಿಕ್ಷಕಿ ಸಿಗುವುದಿಲ್ಲ. ಹಾಗಾಗಿ ಎಲ್ಲವೂ ಬರವಣಿಗೆಯಲ್ಲಿರಲಿ. ಭೇಟಿ ಮುಗಿದ ದಿನವೇ, ನಾವು ಒಪ್ಪಿಕೊಂಡದ್ದು ಇಷ್ಟು ಎಂದು ನಾಲ್ಕು ಸಾಲು ಬರೆದು ಕಳುಹಿಸುತ್ತೇನೆ. ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ, ಅಂದರೆ ಆ ಒಂದು ಮಗುವಿಗೆಂದೇ ಬರೆಯುವ ಕಲಿಕೆಯ ಯೋಜನೆಯಲ್ಲಿ, ‘ಓದು ಸುಧಾರಿಸಬೇಕು’ ಎಂದಷ್ಟೇ ಇದ್ದರೆ ಸಹಿ ಹಾಕುವ ಮುನ್ನ ಕೇಳಿ: ಎಷ್ಟು ಸುಧಾರಿಸಬೇಕು, ಎಷ್ಟು ತಿಂಗಳೊಳಗೆ, ಕಲಿಸುವವರು ಯಾರು? ನನ್ನ ಮಗನಿಗೆ ಪ್ರಶ್ನೆಪತ್ರಿಕೆಯನ್ನು ಓದಿ ಹೇಳಿ ಎಂದಾಗ, ಉಳಿದ ಮಕ್ಕಳಿಗೆ ಅನ್ಯಾಯವಾಗುತ್ತದೆ ಎಂಬ ಉತ್ತರ ಬಂತು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಬಗೆಗಿನ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 24ನೇ ವಿಧಿ ಇಂಥ ಹೊಂದಾಣಿಕೆಯನ್ನು ಶಿಕ್ಷಣದ ಹಕ್ಕಿನ ಭಾಗವಾಗಿಯೇ ಕಾಣುತ್ತದೆ. ಅದನ್ನು ಮೆತ್ತಗೆ ಹೇಳಿದೆ, ಬರೆದೂ ಕೊಟ್ಟೆ. ಮೂರು ತಿಂಗಳು ಹಿಡಿಯಿತು, ಸಿಕ್ಕಿತು.

ವಿಶೇಷ ಶಿಕ್ಷಕಿ
ನಾನು ಶಾಲೆಯ ಕಡೆಯವಳು. ಒಂದು ಭೇಟಿಗೆ ಒಂದೇ ಕೋರಿಕೆ ತನ್ನಿ. ಹತ್ತು ತಂದರೆ ಅಷ್ಟು ಮಕ್ಕಳ ಗದ್ದಲದಲ್ಲಿ ಹತ್ತೂ ಮರೆತುಹೋಗುತ್ತವೆ. ಮಗು ರಾತ್ರಿ ನಿದ್ದೆ ಮಾಡಿಲ್ಲದಿದ್ದರೆ, ಔಷಧಿ ಬದಲಾಗಿದ್ದರೆ ಬೆಳಿಗ್ಗೆಯೇ ತಿಳಿಸಿ. ಮಗನ ಎದುರಿಗೇ ಅವನ ದೂರು ಹೇಳಲು ನಮ್ಮನ್ನು ಬಿಡಬೇಡಿ. ಮಾತನಾಡದ ಮಕ್ಕಳೂ ಕೇಳಿಸಿಕೊಳ್ಳುತ್ತಿರುತ್ತಾರೆ.

ಪ್ರಶ್ನೆ ಕೇಳಿದವರು
ನೋಟ್‌ಪುಸ್ತಕ ತಂದಿದ್ದೇನೆ. ಬರೆಯಲು ಕುಳಿತಾಗ ಹೊಳೆಯಿತು: ಮಿಕ್ಸಿ ಸದ್ದು ಕೇಳಿದರೆ ಅವನು ಮನೆಯಿಂದಲೇ ಹೊರಗೆ ಓಡುತ್ತಾನೆ. ಇದನ್ನು ಶಿಕ್ಷಕಿಗೆ ನಾನು ಒಮ್ಮೆಯೂ ಹೇಳಿಲ್ಲ. ಮೊದಲ ಪುಟದಲ್ಲಿ ಅದನ್ನೇ ಬರೆದೆ.